ಇಂಗ್ಲಿಷ್ ಬರಲ್ಲ, ಬೈಕ್ ಲೈಸೆನ್ಸ್ ಪರೀಕ್ಷೆ ಪಾಸಾಗೋದು ಹೇಗೆ?

ಮಗ್ಗದವ:
ಎಲ್ಲರಿಗೂ ನಮಸ್ಕಾರ. ಊರು ಬನಹಟ್ಟಿ, ಕೆಲಸ ಪವರ್‌ಲೂಮ್‌ನಲ್ಲಿ, ವಯಸ್ಸು 34. ಏಳನೇ ತನಕ ಕನ್ನಡ ಶಾಲೆ. ಕನ್ನಡ ಪೇಪರ್ ಮೊದಲ ಪುಟದಿಂದ ಕೊನೆ ಪುಟದವರೆಗೆ ಓದುತ್ತೇನೆ. ಇಂಗ್ಲಿಷ್ ಅಂದರೆ ಅಕ್ಷರದ ಗುರುತು ಸಿಗುತ್ತದೆ, ಕೂಡಿಸಿ ಓದಲು ಬರಲ್ಲ.

ಬೈಕ್ ಓಡಿಸುತ್ತಿರುವುದು ಹನ್ನೆರಡು ವರ್ಷದಿಂದ. ಲೈಸೆನ್ಸ್ ಇಲ್ಲ. ಬೈಯಬೇಡಿ, ತಪ್ಪು ಅಂತ ಗೊತ್ತು. ಊರೊಳಗೇ ಅಲ್ವಾ ಅಂತ ದಿನ ದೂಡಿದೆ. ಈಗ ನಮ್ಮ ಮಾಲಕರು ಸೀರೆ ಗಂಟು ಮಹಾಲಿಂಗಪುರಕ್ಕೆ, ಜಮಖಂಡಿಗೆ ಮುಟ್ಟಿಸುವ ಕೆಲಸ ಕೊಡುತ್ತೇನೆ ಅಂದಿದ್ದಾರೆ. ಪಗಾರ ಸ್ವಲ್ಪ ಜಾಸ್ತಿ. ಆದರೆ "ಮೊದಲ ಲೈಸೆನ್ಸ್ ತೋರಸು, ಆಮ್ಯಾಲೆ ಗಾಡಿ ಕೀಲಿ" ಅಂತ ಖಡಾಖಂಡಿತ ಹೇಳಿಬಿಟ್ಟರು.

ಹೋದ ತಿಂಗಳು ಒಬ್ಬ ಏಜೆಂಟ್‌ನ ಹಿಡಿದು ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಪರೀಕ್ಷೆಗೆ ಕೂತೆ. ಫಾರ್ಮ್ ಅವನೇ ತುಂಬಿದ. ಕಂಪ್ಯೂಟರ್ ಮುಂದೆ ಕೂರಿಸಿ "ಒತ್ತಕೋತ ಹೋಗ್ರಿ" ಅಂದ. ನೋಡಿದರೆ ಪೂರ್ತಿ ಇಂಗ್ಲಿಷ್. ಮೊದಲನೇ ಪ್ರಶ್ನೆಗೇ ಒಂದು ಚಿತ್ರ ಬಂತು. ಕೆಂಪು ಅಂಚಿನ ಮೂರು ಮೂಲೆ, ಒಳಗೆ ಕಪ್ಪು ಗುಬ್ಬು. ಅದು ನನಗೆ ಚೆನ್ನಾಗಿ ಗೊತ್ತು, ಮುಂದೆ ಹಂಪ್ ಇದೆ ಅಂತ. ನಮ್ಮ ಊರ ದಾರಿಯಲ್ಲೇ ಆ ಬೋರ್ಡ್ ಇದೆ, ದಿನಾ ನೋಡುತ್ತೇನೆ. ಆದರೆ ಕೆಳಗಿನ ಉತ್ತರಗಳಲ್ಲಿ ಹಂಪ್ ಅಂತ ಯಾವುದರಲ್ಲಿ ಬರೆದಿದೆ? ಪಕ್ಕದಲ್ಲಿ ಸೆಕೆಂಡು ಇಳಿಯುತ್ತಿತ್ತು. ಕೈ ಬೆವರಿತು. ಸುಮ್ನೆ ಎರಡನೆಯದು ಒತ್ತಿದೆ. ಆಮೇಲೆ ಎಲ್ಲಾ ಹಾಗೇ, ಅಂದಾಜಿನ ಮೇಲೆ. ನಾಪಾಸ್.

ಏಜೆಂಟ್ ಈಗ ಬೇರೆ ರಾಗ ತೆಗೆದಿದ್ದಾನೆ. "ನೀವು ಏಳನೇ, ಲೈಸೆನ್ಸ್‌ಗೆ ಎಂಟನೇ ಪಾಸ್ ಆಗಿರಬೇಕು, ಅದನ್ನೂ ನಾನೇ ನೋಡಕೋತೀನಿ" ಅಂತ ಇನ್ನಷ್ಟು ರೊಕ್ಕ ಕೇಳುತ್ತಿದ್ದಾನೆ. ಇದು ನಿಜಾನಾ? ಪರೀಕ್ಷೆ ಕನ್ನಡದಲ್ಲಿ ಕೊಡಲು ಬರುತ್ತದಾ? ಯಾರಾದರೂ ನನ್ನಂಥವರು ಪಾಸಾಗಿದ್ದೀರಾ?

ಗುಮ್ಮಟದ ನೆರಳು:
ಅಣ್ಣಾರ, ಕನ್ನಡದಲ್ಲಿ ಇದೆ. ಪರೀಕ್ಷೆ ಶುರುವಾಗುವ ಮುಂಚೆ ಭಾಷೆ ಆರಿಸುವ ಜಾಗ ಬರುತ್ತದೆ. ನಿಮ್ಮ ಏಜೆಂಟ್ ಅಲ್ಲಿ ಇಂಗ್ಲಿಷ್ ಹಾಗೇ ಬಿಟ್ಟು ಮುಂದೆ ಒತ್ತಿದ್ದಾನೆ, ಅಷ್ಟೆ. ನಾನು ವಿಜಯಪುರದವನು, ಕನ್ನಡದಲ್ಲೇ ಬರೆದು ಪಾಸಾದೆ.

ಎಂಟು ಹಾಕು:
ಬಾಗಲಕೋಟೆ ಕಡೆ ಡ್ರೈವಿಂಗ್ ಸ್ಕೂಲ್‌ನಲ್ಲಿ ಕಲಿಸುವವನು ನಾನು. ಎಂಟನೇ ಕ್ಲಾಸಿನ ಮಾತಿಗೆ ಮೊದಲು ಉತ್ತರ. ಆ ನಿಯಮ ಇದ್ದದ್ದು ಲಾರಿ, ಬಸ್ಸು, ಬಾಡಿಗೆ ಗಾಡಿ ಓಡಿಸುವವರಿಗೆ. ಅದನ್ನೂ 2019ರಲ್ಲಿ ತೆಗೆದುಹಾಕಿದ್ದಾರೆ. ಸ್ವಂತ ಬೈಕ್ ಓಡಿಸುವವನಿಗೆ ಓದಿನ ಷರತ್ತು ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆ ಏಜೆಂಟ್‌ಗೆ ಒಂದು ಪೈಸೆ ಕೊಡಬೇಡಿ.

ಕೇಂದ್ರದ ನಿಯಮದಲ್ಲಿ ಬರೆದಿರುವ ಶುಲ್ಕ ಇಷ್ಟು: ಎಲ್‌ಎಲ್‌ಗೆ 150, ಅದರ ಪರೀಕ್ಷೆಗೆ 50. ಮತ್ತೆ ಕೂತರೆ ಇನ್ನೊಂದು 50. ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ 300. ನಿಮ್ಮ ಏಜೆಂಟ್ ಎಷ್ಟು ತಗೊಂಡ ಅಂತ ಕೂಡಿಸಿ ನೋಡಿ.

ಇನ್ನೊಂದು. ಫಾರ್ಮ್‌ನಲ್ಲಿ ಯಾವ ಕ್ಲಾಸ್, ಅಂದರೆ ಯಾವ ಬಗೆಯ ಗಾಡಿ, ಹಾಕಿದ್ದಾನೆ ಅಂತ ಮೊದಲು ನೋಡಿ. ಎಂಸಿಡಬ್ಲ್ಯುಜಿ ಅಂದರೆ ಗೇರ್ ಇರುವ ಬೈಕ್. ಎಂಸಿಡಬ್ಲ್ಯುಒಜಿ ಅಂದರೆ ಗೇರ್ ಇಲ್ಲದ ಸ್ಕೂಟಿ. ನಡುವೆ ಒಂದೇ ಒಂದು ಒ ಅಕ್ಷರ ಜಾಸ್ತಿ. ಇಂಗ್ಲಿಷ್ ಬರುವವರೇ ಇದರಲ್ಲಿ ಎಡವುತ್ತಾರೆ. ಬೈಕ್ ತಂದು ಟೆಸ್ಟ್‌ಗೆ ನಿಂತವನ ಕಾಗದದಲ್ಲಿ ಸ್ಕೂಟಿ ಅಂತ ಇದ್ದರೆ ವಾಪಸ್ ಮನೆಗೇ.

ಕಬ್ಬಿನ ಸೀಜನ್:
ಇಷ್ಟೆಲ್ಲಾ ಯಾಕೆ? ಏಜೆಂಟ್‌ಗೆ ಮೂರು ಸಾವಿರ ಬಿಸಾಕಿದರೆ ಅವನೇ ಕೂತು ಒತ್ತಿ ಮುಗಿಸುತ್ತಾನೆ. ನಾನು ಹಾಗೇ ಮಾಡಿದ್ದು. ಎಂಟು ವರ್ಷ ಆಯಿತು, ಯಾರೂ ಕೇಳಿಲ್ಲ.

ಎಂಟು ಹಾಕು:
ಯಾರೂ ಕೇಳಿಲ್ಲ ಅಂದರೆ ಇನ್ನೂ ಏನೂ ಆಗಿಲ್ಲ ಅಂತ ಅರ್ಥ, ತಮ್ಮಾ. ಈಗ ಮನೆಯಿಂದ ಕೊಡುವ ಪರೀಕ್ಷೆಯಲ್ಲಿ ಕ್ಯಾಮೆರಾ ನಿಮ್ಮ ಮುಖ ನೋಡುತ್ತಿರುತ್ತದೆ. ಬೇರೆಯವರು ಕೂತು ಒತ್ತುವ ಕಾಲ ಅಲ್ಲ. ಅದೂ ಇರಲಿ. ನೀವು ಮುಧೋಳ ಕಡೆಯವರು ಅನ್ನಿಸುತ್ತದೆ. ಸೀಜನ್‌ನಲ್ಲಿ ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಎರಡು ಟ್ರೇಲರ್ ಹಾಕಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಹೋಗುವಾಗ, ಎದುರಿನಿಂದ ಬಂದವನು ಹೆಡ್‌ಲೈಟ್ ಇಳಿಸದಿದ್ದರೆ ನಿಮಗೆ ಏನು ಕಾಣುತ್ತದೆ? ದೀಪ ಯಾವಾಗ ಇಳಿಸಬೇಕು ಅನ್ನುವ ಪ್ರಶ್ನೆ ಆ ಪರೀಕ್ಷೆಯಲ್ಲಿ ಬರುತ್ತದೆ.

ಕಬ್ಬಿನ ಸೀಜನ್:
ಟ್ರ್ಯಾಕ್ಟರ್ ನಮ್ಮದೇ ಐತ್ರಿ. ದೀಪ ಹಾಕಿಸುತ್ತೇನೆ. 😅

ಅಕ್ಕೋರು:
ಮಗ್ಗದ ತಮ್ಮಾ, ನಾನು ರಿಟೈರ್ ಆದ ಕನ್ನಡ ಶಾಲೆ ಟೀಚರ್. ನಿನ್ನ ಹಂಪ್‌ನ ಕಥೆ ಓದಿ ಹೊಟ್ಟೆ ಚುರ್ ಅಂತು. ಚಿತ್ರ ಗೊತ್ತು, ಉತ್ತರ ಗೊತ್ತು, ಆದರೂ ನಾಪಾಸ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಬೇಜಾರಾಗಬೇಡ. ಕನ್ನಡ ಆರಿಸಿದ ಕೂಡಲೇ ಎಲ್ಲಾ ಸಲೀಸು ಅಂತ ತಿಳಿಯಬೇಡ. ಅಲ್ಲಿರುವುದು ಆಫೀಸಿನ ಕನ್ನಡ.

ನಮ್ಮ ಓಣಿಯ ನಾಲ್ಕು ಹೆಣ್ಣುಮಕ್ಕಳಿಗೆ ಸ್ಕೂಟಿ ಲೈಸೆನ್ಸ್‌ಗೆ ನಾನೇ ಓದಿಸಿದೆ. ಅವರಿಗೆ "ಪಾದಚಾರಿ" ಅಂದರೆ ಗೊತ್ತಿರಲಿಲ್ಲ. ಒಬ್ಬಳು ಪಾದಪೂಜೆಗೆ ಹೋಗುವವರು ಅಂದಳು! ನಡೆದು ಹೋಗುವವರು ಅಂದೆ. "ಹಿಂದಿಕ್ಕುವುದು" ಅಂದರೆ ಹಿಂದೆ ಇಡುವುದು ಅಂದುಕೊಂಡಿದ್ದರು. ಓವರ್‌ಟೇಕ್ ಅಂದ ಕೂಡಲೇ ಎಲ್ಲರಿಗೂ ತಿಳಿಯಿತು. ಅಲ್ಲಿಗೆ ಇಂಗ್ಲಿಷ್ ಪದವೇ ನಮ್ಮದು, ಕನ್ನಡ ಪದವೇ ಪರದೇಶಿ. ಇಂಥ ಪದ ಇಪ್ಪತ್ತು ಮೂವತ್ತು ಇರಬಹುದು. ಒಂದು ಹಾಳೆಯಲ್ಲಿ ಬರೆದು ಮಗ್ಗದ ಪಕ್ಕ ಅಂಟಿಸಿಕೋ.

ಚಿತ್ರಗಳಿಗೆ ನಾನು ಮಾಡಿದ ಉಪಾಯ ಹೀಗೆ. ಮದುವೆ ಕಾರ್ಡ್‌ಗಳ ಹಿಂದಿನ ಖಾಲಿ ಭಾಗ ಕತ್ತರಿಸಿ, ಒಂದೊಂದರ ಮೇಲೆ ಒಂದು ಬೋರ್ಡ್ ಬರೆದೆ. ಹಿಂದೆ ನಮ್ಮ ಮಾತಿನಲ್ಲಿ ಅರ್ಥ. ಮೊದಲ ದಿನ ಅರ್ಥ ಕೇಳಲೇ ಇಲ್ಲ. ಆಕಾರ ನೋಡಿ ಮೂರು ಗುಡ್ಡೆ ಮಾಡಿ ಅಂದೆ, ಅಷ್ಟೆ. ಗುಂಡಗಿದ್ದರೆ ಅಪ್ಪಣೆ. ಮೂರು ಮೂಲೆ ಇದ್ದರೆ ಎಚ್ಚರಿಕೆ. ಚೌಕ ಇದ್ದರೆ ಸುದ್ದಿ, ಆಸ್ಪತ್ರೆ ಇದೆ, ಪೆಟ್ರೋಲ್ ಇದೆ ಅಂತ. ಗುಂಡಗಿದ್ದದ್ದರಲ್ಲೂ ಎರಡು. ಕೆಂಪು ಅಂಚು ಇದ್ದರೆ "ಮಾಡಬೇಡ", ನೀಲಿ ತುಂಬಿದ್ದರೆ "ಹೀಗೇ ಮಾಡು". ಎರಡು ಬೋರ್ಡ್ ಮಾತ್ರ ಯಾರ ಜೊತೆಗೂ ಸೇರಲ್ಲ. ಎಂಟು ಮೂಲೆಯದು, ನಿಲ್ಲು. ತಲೆಕೆಳಗಾದ ಮೂರು ಮೂಲೆ, ದಾರಿ ಬಿಡು. ಬೋರ್ಡ್ ಮೇಲೆ ಪೂರ್ತಿ ಧೂಳು ಕೂತಿದ್ದರೂ ಆಕಾರದಿಂದಲೇ ಗೊತ್ತಾಗಲಿ ಅಂತ ಹಾಗೆ ಮಾಡಿದ್ದು.

ಎಲ್ಲರೂ ಬೀಳುವ ಗುಂಡಿ ಒಂದಿದೆ. ಗುಂಡಗೆ, ಒಳಗೆ ನೀಲಿ, ಕೆಂಪು ಅಂಚು, ಒಂದು ಅಡ್ಡ ಗೀಟು: ಗಾಡಿ ಹಚ್ಚಬೇಡ, ಅಂದರೆ ಪಾರ್ಕ್ ಮಾಡಬೇಡ. ಅದೇ ಬೋರ್ಡ್, ಗುಣಾಕಾರದ ಹಾಗೆ ಎರಡು ಗೀಟು: ನಿಲ್ಲಿಸಲೇ ಬೇಡ, ಒಂದು ಕ್ಷಣವೂ. ಕನ್ನಡದಲ್ಲಿ ಎರಡಕ್ಕೂ "ನಿಲುಗಡೆ", "ನಿಲ್ಲಿಸು" ಅಂತ ಹತ್ತಿರ ಹತ್ತಿರದ ಪದ ಬಂದು ಗಲಿಬಿಲಿ ಆಗುತ್ತದೆ. ಗೀಟು ಎಣಿಸು, ಪದ ನಂಬಬೇಡ.

ಗುಮ್ಮಟದ ನೆರಳು:
ಅಕ್ಕೋರೇ, ನಿಮ್ಮ ಕ್ಲಾಸಿಗೆ ನಾನೂ ಬರಬೇಕಿತ್ತು. ನನಗೆ ತಪ್ಪಿದ್ದು ಬೋರ್ಡ್ ಅಲ್ಲ, ದಾರಿಯ ಪ್ರಶ್ನೆ. ಸಿಗ್ನಲ್ ಇಲ್ಲದ ಕೂಡುರಸ್ತೆಯಲ್ಲಿ ಯಾರಿಗೆ ಮೊದಲು ದಾರಿ ಬಿಡಬೇಕು ಅಂತ. ಮುಖ್ಯ ರಸ್ತೆ ಇದ್ದರೆ ಅದರ ಮೇಲೆ ಬರುವವರಿಗೆ. ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ. ಸರ್ಕಲ್‌ನಲ್ಲೂ ಬಲಗಡೆಯವರಿಗೆ. ನಾನು "ದೊಡ್ಡ ಗಾಡಿಗೆ" ಅಂತ ಒತ್ತಿದೆ. ನಮ್ಮ ಗಾಂಧಿ ಚೌಕದಲ್ಲಿ ಇಪ್ಪತ್ತು ವರ್ಷ ಓಡಾಡಿದವನು ಬೇರೆ ಏನು ಒತ್ತುತ್ತಾನೆ ಹೇಳಿ!

ಮಗ್ಗದವ:
ಅಕ್ಕೋರೇ, ಕಣ್ಣು ತುಂಬಿ ಬಂತು. ಮದುವೆ ಕಾರ್ಡ್ ನಮ್ಮ ಮನೆಯಲ್ಲಿ ಅಷ್ಟಿಲ್ಲ, ಸೀರೆ ಡಬ್ಬಿ ರಟ್ಟು ಬೇಕಾದಷ್ಟಿದೆ. ಅದರಲ್ಲೇ ಮಾಡುತ್ತೇನೆ.

ಈಗ ಫಾರ್ಮ್ ನಾನೇ ತುಂಬಬೇಕು ಅಂತ ಅಳಿಯನ ಲ್ಯಾಪ್‌ಟಾಪ್ ತೆಗೆದು ಕೂತಿದ್ದೇನೆ. ಅದು ಇಂಗ್ಲಿಷ್‌ನಲ್ಲಿದೆ. ಅಳಿಯನಿಗೂ ಕೆಲವು ತಿಳಿಯುತ್ತಿಲ್ಲ. ಎಸ್, ಡಬ್ಲ್ಯು, ಡಿ ಅಂತ ಮೂರು ಅಕ್ಷರ ಇವೆ, ಏನದು? ಐಡೆಂಟಿಫಿಕೇಶನ್ ಮಾರ್ಕ್ ಅಂದರೆ ಶಾಲೆಯ ಮಾರ್ಕ್ಸ್ ಕಾರ್ಡಾ?

ಖಣದ ಅಂಚು:
ಗುಳೇದಗುಡ್ಡದಿಂದ ನಮಸ್ಕಾರ. ನಾನು ಸೈಬರ್ ಸೆಂಟರ್ ನಡೆಸುತ್ತೇನೆ, ದಿನಕ್ಕೆ ನಾಲ್ಕು ಜನ ಇದನ್ನೇ ಕೇಳುತ್ತಾರೆ ಅಣ್ಣಾ. ಎಸ್ ಅಂದರೆ ಮಗ, ಡಬ್ಲ್ಯು ಹೆಂಡತಿ, ಡಿ ಮಗಳು. ಯಾರ ಮಗ ಅಂತ ಕೇಳುವುದು. ಐಡೆಂಟಿಫಿಕೇಶನ್ ಮಾರ್ಕ್ ಅಂದರೆ ಮೈಮೇಲಿನ ಗುರುತು, ಮಚ್ಚೆ ಅಥವಾ ಗಾಯದ ಕಲೆ. ನಿಮ್ಮ ಹಳೆಯ ಅರ್ಜಿ ತೆಗೆದು ನೋಡಿ, ಏಜೆಂಟ್ "ಬಲಗೈ ಮೇಲೆ ಮಚ್ಚೆ" ಅಂತ ಹಾಕಿರುತ್ತಾನೆ. ಏಜೆಂಟ್ ತುಂಬಿದ ಯಾವ ಅರ್ಜಿ ನೋಡಿದರೂ ಅದೇ ಮಚ್ಚೆ.

ಪ್ರೆಸೆಂಟ್ ಅಡ್ರೆಸ್ ಅಂದರೆ ಈಗಿನ ಮನೆ, ಪರ್ಮನೆಂಟ್ ಅಂದರೆ ಕಾಯಂ ಮನೆ. ಬ್ಲಡ್ ಗ್ರೂಪ್ ಗೊತ್ತಿಲ್ಲದಿದ್ದರೆ ಲ್ಯಾಬ್‌ನಲ್ಲಿ ನೋಡಿಸಿಕೊಂಡು ಬನ್ನಿ, ಅಂದಾಜಿನ ಮೇಲೆ ಹಾಕಬೇಡಿ. ಅದು ಕಾರ್ಡ್ ಮೇಲೆ ಬರುತ್ತದೆ.

ಮುಖ್ಯವಾದದ್ದು ಹೆಸರು. ಆಧಾರ್ ಮೂಲಕ ಹಾಕಿದರೆ ಹೆಸರು ಅಲ್ಲಿಂದಲೇ ಬರುತ್ತದೆ, ನೀವು ತಿದ್ದಲಾಗಲ್ಲ. ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರ ತಪ್ಪಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮತ್ತೆ ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಈಗಲೂ ನಿಮ್ಮ ಹತ್ತಿರ ಇದೆಯಾ? ಒಟಿಪಿ ಅದಕ್ಕೇ ಬರುವುದು. ಅರ್ಧ ಜನ ಇಲ್ಲೇ ನಿಲ್ಲುತ್ತಾರೆ.

ಮಗ್ಗದವ:
ನಂಬರ್ ಹಳೆಯದು ತಂಗಿ. ಸಿಮ್ ಎಲ್ಲಿದೆಯೋ ದೇವರೇ ಬಲ್ಲ. ನಾಳೆ ಆಧಾರ್ ಸೆಂಟರ್‌ಗೆ ಹೋಗುತ್ತೇನೆ.

ನಿಪ್ಪಾಣಿ ಅಣ್ಣ:
ನಡುವೆ ಬಾಯಿ ಹಾಕುತ್ತೇನೆ. ನಮ್ಮ ಮನೆಯ ಕಥೆ ಬೇರೆ. ಹೆಂಡತಿ ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಪಟಪಟ ಮಾತಾಡುತ್ತಾಳೆ, ಓದುವಾಗ ಮಾತ್ರ ಒಂದೊಂದೇ ಅಕ್ಷರ ಕೂಡಿಸಬೇಕು. ಇಂಗ್ಲಿಷ್ ಇನ್ನೂ ಕಷ್ಟ. ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಟೈಮ್ ಮುಗಿಯುತ್ತದೆ. ಏನು ಮಾಡೋದು?

ಅಕ್ಕೋರು:
ಪೂರ್ತಿ ಪ್ರಶ್ನೆ ಓದಲು ಹೋಗುವುದೇ ಬೇಡ. ನೀವು ದಿನಾ ರಾತ್ರಿ ಹತ್ತು ಪ್ರಶ್ನೆ ಗಟ್ಟಿಯಾಗಿ ಓದಿ ಹೇಳಿ, ಅವರು ಸ್ಕ್ರೀನ್ ನೋಡುತ್ತಾ ಕೇಳಲಿ. ಎಂಟು ದಿನಕ್ಕೆ ಪ್ರಶ್ನೆಯ ಮೊದಲ ಎರಡು ಪದ ನೋಡಿದರೆ ಉಳಿದದ್ದು ಕಿವಿಗೆ ತಾನೇ ಬರುತ್ತದೆ. ಹಾಡಿನ ಮೊದಲ ಸಾಲು ಕೇಳಿದರೆ ಮುಂದಿನದು ಬರಲ್ವಾ, ಹಾಗೆ. ಚಿತ್ರದ ಪ್ರಶ್ನೆಗಳಲ್ಲಿ ಅವರು ಓದಬೇಕಾದದ್ದು ಉತ್ತರದ ಒಂದು ಪದ ಮಾತ್ರ. "ತಿರುವು", "ಸೇತುವೆ", "ಶಾಲೆ", ಇಂಥ ಪದಗಳ ಮುಖಪರಿಚಯ ಆದರೆ ಸಾಕು. ನೂರಕ್ಕೆ ಅರವತ್ತು ಬಂದರೆ ಪಾಸ್. ಎಲ್ಲಾ ಬರಬೇಕಾಗಿಲ್ಲ.

ಖಣದ ಅಂಚು:
ಅಂದಹಾಗೆ ಅಣ್ಣಾ, ಮನೆಯವರಿಗೆ 40 ದಾಟಿದ್ದರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು, ಫಾರ್ಮ್ 1ಎ. ಅದಕ್ಕಿಂತ ಕಡಿಮೆ ಇದ್ದರೆ ನಾನು ಆರೋಗ್ಯವಾಗಿದ್ದೇನೆ ಅಂತ ಅವರೇ ಬರೆದುಕೊಟ್ಟರೆ ಆಯಿತು.

ಮಗ್ಗದವ (ಮೂರು ವಾರದ ನಂತರ):
ಎಲ್‌ಎಲ್ ಪಾಸ್! ಮನೆಯಲ್ಲೇ ಕೂತು, ಕನ್ನಡದಲ್ಲಿ.

ಮೊದಲು ಸುರಕ್ಷತೆಯ ವಿಡಿಯೋ ಪೂರ್ತಿ ನೋಡಬೇಕು, ಆಮೇಲೇ ಪರೀಕ್ಷೆ. ಅಳಿಯನನ್ನು ಹೊರಗೆ ಕಳಿಸಿದೆ, ಕ್ಯಾಮೆರಾ ಮುಂದೆ ನಾನೊಬ್ಬನೇ. ಪಕ್ಕದ ಮನೆಯ ಮಗ್ಗದ ಸಪ್ಪಳಕ್ಕೆ ಲ್ಯಾಪ್‌ಟಾಪ್ ಅಲ್ಲಾಡುತ್ತಿತ್ತು, ಕೆಳಗೆ ಒಂದು ಸೀರೆ ಮಡಚಿ ಇಟ್ಟೆ. ಮೂರು ತಪ್ಪಾಯಿತು. ಅದರಲ್ಲಿ ಒಂದು "ಸಂಚಾರ ದಟ್ಟಣೆ". ಮನೆಗೋಡೆಯ ಹಾಳೆಯಲ್ಲಿ ಆ ಪದ ಇರಲಿಲ್ಲ. ಗೀಟಿನ ಬೋರ್ಡ್ ಬಂತು ಅಕ್ಕೋರೇ. ಎರಡು ಗೀಟು. ಎಣಿಸಿಯೇ ಒತ್ತಿದೆ. ಮತ್ತೆ ನಮ್ಮ ಹಂಪ್ ಮಾತ್ರ ಬರಲೇ ಇಲ್ಲ!

ಎಂಟು ಹಾಕು:
ಭೇಷ್. ಈಗ ಕೈಕಾಲಿನ ಕೆಲಸ. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, ಆದರೆ 30 ದಿನ ಆಗುವ ತನಕ ಡಿಎಲ್ (ಪಕ್ಕಾ ಲೈಸೆನ್ಸ್) ಟೆಸ್ಟ್‌ಗೆ ಹೋಗಲು ಬರಲ್ಲ. ಅಲ್ಲಿವರೆಗೆ ಗಾಡಿಯ ಹಿಂದೆ ಮುಂದೆ ಎಲ್ ಬೋರ್ಡ್ ಹಚ್ಚಿ. ಬಿಳಿ ಮೇಲೆ ಕೆಂಪು ಎಲ್, ಬೋರ್ಡ್ 18 ಸೆಂಟಿಮೀಟರ್ ಚೌಕ. ಹಿಂದೆ ಲೈಸೆನ್ಸ್ ಇದ್ದು ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಕೂರಿಸಬೇಡಿ.

ಟೆಸ್ಟ್‌ನಲ್ಲಿ 8ರ ಆಕಾರದಲ್ಲಿ ಗಾಡಿ ಸುತ್ತಿಸಬೇಕು, ಕಾಲು ನೆಲಕ್ಕೆ ತಾಗಬಾರದು. ಹನ್ನೆರಡು ವರ್ಷ ಓಡಿಸಿದ್ದೇನೆ ಅನ್ನುವವರೇ ಎಂಟು ಹಾಕುವಾಗ ಕಾಲು ಊರುತ್ತಾರೆ. ನನ್ನ ಹತ್ತಿರ ಬರುವವರಲ್ಲಿ ಹೊಸಬರು ಬೇಗ ಕಲಿಯುತ್ತಾರೆ, ಹಳಬರಿಗೆ ಚಟ ಬಿಡಿಸೋದೇ ಕೆಲಸ. ಮೊದಲ ಗೇರ್ ಅಥವಾ ಎರಡನೆಯದು, ಕ್ಲಚ್ ಅರ್ಧ ಹಿಡಿದು, ಹಿಂದಿನ ಬ್ರೇಕ್ ಮೇಲೆ ಬೆರಳಿಟ್ಟ ಹಾಗೆ ಕಾಲಿಡಿ. ಮುಂದಿನ ಬ್ರೇಕ್ ಮುಟ್ಟಲೇಬೇಡಿ, ಹ್ಯಾಂಡಲ್ ತಿರುಗಿದಾಗ ಹಿಡಿದರೆ ಬಿದ್ದಿರಿ. ಕಣ್ಣು ಮುಂದಿನ ಗಾಲಿ ಮೇಲಲ್ಲ, ತಿರುಗಿ ಹೋಗಬೇಕಾದ ಕಡೆ ಇರಲಿ. ಗಾಡಿ ಕಣ್ಣಿನ ಹಿಂದೆ ಬರುತ್ತದೆ.

ಕೈ ಸನ್ನೆ ಕೇಳಬಹುದು. ಎಲ್ಲಾ ಬಲಗೈಯಲ್ಲೇ. ಬಲಕ್ಕೆ ಅಂದರೆ ಕೈ ನೇರ ಚಾಚಿ. ಎಡಕ್ಕೆ ಅಂದರೆ ಚಾಚಿದ ಕೈಯನ್ನು ಗಡಿಯಾರದ ಉಲ್ಟಾ ಸುತ್ತಿಸಿ. ನಿಧಾನ ಅಂದರೆ ಅಂಗೈ ಕೆಳಗೆ ಮಾಡಿ ಮೇಲೆ ಕೆಳಗೆ ಆಡಿಸಿ. ಎಕ್ಸಲೇಟರ್ ಇರುವುದೂ ಬಲಗೈಯಲ್ಲೇ, ಅದೇ ತಮಾಷೆ. ಕೈ ಬಿಟ್ಟ ಕೂಡಲೇ ಗಾಡಿ ಮುಗ್ಗರಿಸುತ್ತದೆ. ಅಭ್ಯಾಸ ಮಾಡಿಕೊಂಡೇ ಹೋಗಿ. ನಾಪಾಸಾದರೆ ಏಳು ದಿನ ಬಿಟ್ಟು ಮತ್ತೆ ಹೋಗಬಹುದು. ಮೂರು ಸಲ ನಾಪಾಸಾದರೆ 60 ದಿನ ಕಾಯಬೇಕು.

ನಿಪ್ಪಾಣಿ ಅಣ್ಣ:
ಟೆಸ್ಟ್ ದಿನ ಸಾಹೇಬರು ಇಂಗ್ಲಿಷ್‌ನಲ್ಲಿ ಕೇಳಿದರೆ?

ಎಂಟು ಹಾಕು:
ನಾನು ಇಷ್ಟು ವರ್ಷದಲ್ಲಿ ನೋಡಿದ ಬ್ರೇಕ್ ಇನ್ಸ್‌ಪೆಕ್ಟರ್‌ಗಳೆಲ್ಲಾ ಕನ್ನಡದಲ್ಲೇ ಮಾತಾಡಿದ್ದಾರೆ. ತಿಳಿಯದಿದ್ದರೆ "ಇನ್ನೊಮ್ಮೆ ಹೇಳ್ರಿ ಸರ್" ಅನ್ನಿ. ಕೇಳಿದ್ದಕ್ಕೆ ಯಾರೂ ನಾಪಾಸ್ ಮಾಡಲ್ಲ. ಕೇಳದೆ ಎಡಕ್ಕೆ ಅಂದಾಗ ಬಲಕ್ಕೆ ಹೋದವರು ನಾಪಾಸಾಗಿದ್ದಾರೆ.

ಮಗ್ಗದವ (ಮತ್ತೆ ಒಂದೂವರೆ ತಿಂಗಳ ನಂತರ):
ಕಾರ್ಡ್ ಅಂಚೆಯಲ್ಲಿ ಬಂತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಹಬ್ಬದ ಸೀರೆಯ ಗಡಿಬಿಡಿ ಇತ್ತು.

ಶಾಲೆಯ ಬಯಲಲ್ಲಿ ಹೆಂಡತಿ ರಂಗೋಲಿ ಪುಡಿಯಿಂದ ಎಂಟು ಬರೆದಳು. ದಿನಾ ಸಂಜೆ ಅದರ ಮೇಲೆ ಸುತ್ತಿದೆ. ಮಗ ಕಟ್ಟೆ ಮೇಲೆ ಕೂತು ನಾನು ಕಾಲು ಊರಿದಾಗಲೆಲ್ಲಾ "ಅಪ್ಪಾ, ಕಾಲು!" ಅಂತ ಕೂಗಿ ಲೆಕ್ಕ ಬರೆದ. ಮೊದಲ ದಿನ ಹದಿನೇಳು. ಎಂಟು ಹಾಕು ಅಣ್ಣಾರು ಹೇಳಿದ್ದು ನಿಜ, ಹನ್ನೆರಡು ವರ್ಷದ ಚಟ. ಹತ್ತನೇ ದಿನಕ್ಕೆ ಒಂದೂ ಇಲ್ಲ.

ಟೆಸ್ಟ್ ದಿನ ಎಲ್‌ಎಲ್, ಗಾಡಿಯ ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್, ಹೆಲ್ಮೆಟ್ ಎಲ್ಲಾ ಒಯ್ದಿದ್ದೆ. ನನ್ನ ಮುಂದಿನ ಹುಡುಗ ಕಾಲೇಜಿನವನು, ಇಂಗ್ಲಿಷ್ ಜೋರು. ಹೆಲ್ಮೆಟ್ ಬೆಲ್ಟ್ ಹಾಕದೆ ಹೊರಟ, ಅಲ್ಲೇ ತಡೆದರು. ನನ್ನ ಎಂಟು ಸರಿ ಬಂತು. ಕೊನೆಗೆ "ಎಡಕ್ಕೆ ಸನ್ನೆ ತೋರಸ್ರಿ" ಅಂದರು. ಕೈ ಬಿಟ್ಟೆ, ಗಾಡಿ ಸ್ವಲ್ಪ ಮುಗ್ಗರಿಸಿತು, ಬಂದ್ ಆಗಲಿಲ್ಲ. ಸಾಹೇಬರು ಕಾಗದದಿಂದ ತಲೆ ಎತ್ತಲೇ ಇಲ್ಲ. ಸಹಿ ಹಾಕಿ ಕೊಟ್ಟರು.

ಕಾರ್ಡ್ 10 ವರ್ಷ ನಡೆಯುತ್ತದೆ. ಅದರ ಮೇಲೆ ಎಲ್ಲಾ ಇಂಗ್ಲಿಷ್, ಮಗ ಓದಿ ಹೇಳಿದ. ಎಂಸಿಡಬ್ಲ್ಯುಜಿ ಮಾತ್ರ ನಾನೇ ಓದಿದೆ. ನಾಳೆಯಿಂದ ಮಹಾಲಿಂಗಪುರ.

ಹುನಗುಂದ ಹುಡುಗ:
ಅಣ್ಣಾರ, ಇವತ್ತೇ ಇದನ್ನೆಲ್ಲಾ ಓದಿದೆ. ನಮ್ಮ ಅವ್ವ ಅಂಗನವಾಡಿಗೆ ಸ್ಕೂಟಿ ಮೇಲೆ ಹೋಗಬೇಕು ಅಂತಾಳೆ. ಕನ್ನಡ ಓದುತ್ತಾಳೆ. ವಯಸ್ಸು 52. ಆಗುತ್ತದಾ?

ಮಗ್ಗದವ:
ಯಾಕಾಗಲ್ಲ? ಫಾರ್ಮ್ 1ಎ ಬೇಕು, ಮೇಲೆ ಗುಳೇದಗುಡ್ಡದ ತಂಗಿ ಬರೆದಿದ್ದಾಳೆ ನೋಡಿ. ಸ್ಕೂಟಿ ಅಂದರೆ ಒ ಇರುವ ಕ್ಲಾಸ್. ನಾನು ಮಾಡಿದ ರಟ್ಟಿನ ಕಾರ್ಡ್‌ಗಳ ಕಟ್ಟು ಮನೆಯಲ್ಲೇ ಇದೆ. ಈ ಕಡೆ ಬಂದರೆ ಒಯ್ಯಿರಿ. ಎರಡು ಕಾರ್ಡ್ ಕಡಿಮೆ ಇವೆ, ಮಗ ಶಾಲೆಗೆ ಒಯ್ದು ಕಳೆದಿದ್ದಾನೆ.